ಅವ್ವನ ಅಂಟಿನುಂಡಿ, ನನ್ನ ಕೆಳಸಾಲಿನ ಹಲ್ಲು

ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುವ ಹೆಂಗಸರನ್ನು ನಾನು ಈಗ ದೂರದಿಂದಲೇ ಗುರುತು ಹಿಡಿಯುತ್ತೇನೆ. ಸವಣೂರಿನ ಬಸ್ ಸ್ಟ್ಯಾಂಡಿರಲಿ, ಮದುವೆಮನೆಯ ಪಂಕ್ತಿಯಿರಲಿ, ನನ್ನ ಹತ್ತಿರ ಜಂಪರಿನ ಅಳತೆ ಕೊಡಲು ಬಂದವರಿರಲಿ. ನೋಡಿದವರು ಪಾಪ ನಾಚಿಕೆ ಸ್ವಭಾವ ಅಂದುಕೊಳ್ಳುತ್ತಾರೆ. ನಾನು ಅಂದುಕೊಳ್ಳುವುದಿಲ್ಲ, ಏಕೆಂದರೆ ಬಹಳ ಕಾಲ ನಾನೂ ಹಾಗೆಯೇ ನಕ್ಕವಳು. ಇದನ್ನು ಬರೆಯುತ್ತಿರುವುದು ಅಂಥವರಿಗಾಗಿ.

ಹಲ್ಲಿನ ಬಗ್ಗೆ ಬರೆಯುವುದಕ್ಕೆ ಏನಿದೆ ಎಂದು ನಮ್ಮ ಮನೆಯವರು ಕೇಳಿದರು. ಅವರ ಮಾತೂ ಸುಳ್ಳಲ್ಲ. ವಸಡಿನ ರೋಗ ಬಂದವರನ್ನು ಯಾರೂ ಹಣ್ಣು ಹಿಡಿದುಕೊಂಡು ಮಾತಾಡಿಸಲು ಬರುವುದಿಲ್ಲ. ಬಂದರೂ ಆ ಸೇಬುಹಣ್ಣನ್ನು ಕಚ್ಚುವವರು ಯಾರು? ಇದು ಯಾರೂ ರೋಗ ಎಂದು ಒಪ್ಪದ ರೋಗ. ಹಲ್ಲು ಬಿದ್ದರೆ ವಯಸ್ಸಾಯಿತು ಅನ್ನುತ್ತಾರೆ, ವಯಸ್ಸಾಗದಿದ್ದರೆ ಮಕ್ಕಳಾದವು ಅನ್ನುತ್ತಾರೆ.

ನಾನು ಪಾರ್ವತಿ. ಹಂಸಭಾವಿಯಲ್ಲಿ ಹುಟ್ಟಿದವಳು, ಯಲವಿಗಿಗೆ ಸೊಸೆಯಾಗಿ ಬಂದವಳು. ನಮ್ಮದು ಒಕ್ಕಲುತನ, ಹೊಲದಲ್ಲಿ ಗೋವಿನಜೋಳ, ಹತ್ತಿ. ಮನೆಯ ಪಡಸಾಲೆಯಲ್ಲಿ ನನ್ನದೊಂದು ಹೊಲಿಗೆ ಯಂತ್ರವಿದೆ. ಜಂಪರ್ ಹೊಲಿಯುತ್ತೇನೆ, ಮಕ್ಕಳ ಲಂಗ ಹೊಲಿಯುತ್ತೇನೆ. ಕತ್ತರಿ ಪಕ್ಕದಲ್ಲೇ ಇದ್ದರೂ ದಾರವನ್ನು ಕೆಳಗಿನ ಮುಂದಿನ ಹಲ್ಲಿನಿಂದ ಕಡಿಯುವುದು ನನ್ನ ರೂಢಿ. ದಾರ ಬಾಯಿಗೆ ಹೋಯಿತು, ಕಟ್ ಅಂತು, ಮುಗಿಯಿತು. ಹಲ್ಲು ಇದೆ ಎಂಬ ನೆನಪೇ ಇರದಷ್ಟು ಗಟ್ಟಿ ಇದ್ದವು ನನ್ನ ಹಲ್ಲು. ಕಟಕ ರೊಟ್ಟಿಯನ್ನು ಶೇಂಗಾ ಚಟ್ನಿಯ ಜೊತೆ ಕರುಂ ಕರುಂ ಎಂದು ತಿನ್ನುವಾಗ ಅತ್ತೆ ಕಿವಿ ಮುಚ್ಚಿಕೊಂಡು ಚೇಷ್ಟೆ ಮಾಡುತ್ತಿದ್ದರು.

ಮಗಳು ಹೊಟ್ಟೆಯಲ್ಲಿದ್ದಾಗ ಹಲ್ಲುಜ್ಜಿದರೆ ರಕ್ತ ಬರತೊಡಗಿತು. ಉಗುಳಿದ ನೊರೆ ಗುಲಾಬಿ ಬಣ್ಣದ್ದಾಗುತ್ತಿತ್ತು. ಅತ್ತೆಗೆ ತೋರಿಸಿದೆ. “ಬಸರಿದ್ದಾಗ ಹಂಗ ಆಗತೈತಿ ಬಿಡ. ಕೂಸಿನ ಬಿಸಿ ಅದು,” ಅಂದರು. ಅವ್ವನಿಗೆ ಫೋನು ಮಾಡಿದೆ. ಅವ್ವ ಇನ್ನೂ ಸಲೀಸಾಗಿ, “ನನಗೂ ಹಂಗ ಆಗಿತ್ತು,” ಅಂದಳು. ಇಬ್ಬರು ಹಿರಿಯರು ಒಂದೇ ಮಾತು ಹೇಳಿದ ಮೇಲೆ ಯಾರು ಅನುಮಾನ ಪಡುತ್ತಾರೆ? ನೋವೂ ಇರಲಿಲ್ಲ. ಈ ರೋಗದ ಕೆಟ್ಟ ಗುಣವೇ ಅದು, ನೋಯುವುದಿಲ್ಲ. ನೊಂದಿದ್ದರೆ ನಾನೇ ಓಡಿಹೋಗುತ್ತಿದ್ದೆ.

ಅವ್ವನಿಗೆ ಹಾಗಾಗಿತ್ತು ಅಂದೆನಲ್ಲ. ಅವ್ವನ ಬಾಯಲ್ಲಿ ಒಂದು ಹಲ್ಲೂ ಇಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗಲೇ ಕೊನೆಯದೂ ಹೋಗಿತ್ತು, ಆಗ ಅವಳ ತಲೆಯಲ್ಲಿ ಬಿಳಿ ಕೂದಲು ಹುಡುಕಿದರೂ ಸಿಗುತ್ತಿರಲಿಲ್ಲ. ನಾನು, ತಂಗಿ ರತ್ನಾ, ಅವ್ವನ ಬೊಚ್ಚುಬಾಯಿಯನ್ನು ನೋಡಿಯೇ ಬೆಳೆದವರು. “ಒಂದೊಂದ್ ಹಡದಾಗೂ ನಾಕ್ ನಾಕ್ ಒಯ್ದ್ರಿ ನೀವು,” ಎಂದು ನಗೆಯಾಡುತ್ತಿದ್ದಳು. ನಮ್ಮ ಕಡೆ ಎಲ್ಲರೂ ಹಾಗೆಯೇ ನಂಬುವುದು. ಕೂಸು ಬರುವಾಗ ತಾಯಿಯ ಹಲ್ಲು ಒಯ್ಯುತ್ತದೆ. ಅದರಲ್ಲಿ ಅಳುವಂಥದ್ದೇನೂ ಅವ್ವನಿಗೆ ಕಂಡಿರಲಿಲ್ಲ, ಕೂಸು ಬಂತಲ್ಲ.

ಹಿರೇಕೆರೂರಿನಲ್ಲಿ ಹೆರಿಗೆಯಾಯಿತು. ಹಂಸಭಾವಿಯಲ್ಲಿ ಅವ್ವನ ಬಾಣಂತನ ಶುರುವಾಯಿತು.

ಅವ್ವನ ಬಾಣಂತನ ಎಂದರೆ ಓಣಿಯವರು ಬಂದು ನೋಡಿಹೋಗುವಂಥದ್ದು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಹೊರಸಿನ ಕೆಳಗೆ ಕೆಂಡದ ಶಗಡಿ, ಅದರ ಮೇಲೆ ಅಜವಾನದ ಹೊಗೆ. ಮುಂಜಾನೆ ಎದ್ದ ಕೂಡಲೇ ಒಂದು ಅಂಟಿನುಂಡಿ. ಬೆಲ್ಲ, ಒಣಕೊಬ್ಬರಿ, ಉತ್ತತ್ತಿ, ತುಪ್ಪದಲ್ಲಿ ಹುರಿದ ಅಂಟು, ಎಲ್ಲ ಸೇರಿ ಮುಷ್ಟಿ ಗಾತ್ರದ್ದು. ಕಚ್ಚಿದರೆ ಹಲ್ಲಿಗೆ ಮೆತ್ತಿಕೊಂಡು ನಾಲಿಗೆಯಿಂದ ಎಬ್ಬಿಸಿದರೂ ಏಳುವುದಿಲ್ಲ. ಸಂಜೆಗೆ ಇನ್ನೊಂದು. ಎರಡೂ ಊಟದ ಮೇಲೆ ಎಲೆ, ಅಡಿಕೆ, ಸುಣ್ಣ, ಅಜವಾನ. ನೀರು ಕೇಳಿದರೆ ಅರ್ಧ ಲೋಟ ಬಿಸಿನೀರು.

ಮತ್ತು ಹಲ್ಲುಜ್ಜುವಂತಿಲ್ಲ.

ಮೊದಲ ದಿನವೇ ನಾನು ಬ್ಯಾಗಿನಿಂದ ಬ್ರಶ್ಶು ತೆಗೆದಾಗ ಅವ್ವ ಕೈಯಿಂದ ಕಸಿದುಕೊಂಡಳು. “ಹಸಿ ಬಾಣಂತಿ ನೀ. ವಸಡು ಹಸಿ ಇರ್ತಾವ. ಬ್ರಶ್ ಹಾಕಿದ್ರ ಹಲ್ಲು ಸಡ್ಲ ಆಗ್ತಾವ, ಮುಂದ ಮುದುಕಿ ಆದಾಗ ನನ್ನಂಗ ಕುಂದರತಿ.”

“ಮತ್ತ ಬಾಯಿ ಹ್ಯಾಂಗ ತೊಳಕೊಳ್ಳಿ?”

“ಬಿಸಿನೀರು ಬಾಯಾಗ ಹಾಕ್ಕೊಂಡು ಉಗುಳು. ಮ್ಯಾಲ ಎಲಿ ಹಾಕ್ಕೋತಿಯಲ್ಲ, ಅದ ಬಾಯಿ ಸ್ವಚ್ಛ ಮಾಡತೈತಿ.”

ಬಾಣಂತಿಯಾದವರಿಗೆ ಗೊತ್ತಿರುತ್ತದೆ, ಆ ಹೊರಸಿನ ಮೇಲೆ ನಮ್ಮ ಮಾತು ನಡೆಯುವುದಿಲ್ಲ. ಮೈ ತೊಳೆಯುವವರು ಬೇರೆ, ಉಣಿಸುವವರು ಬೇರೆ, ಸೊಂಟಕ್ಕೆ ಸೀರೆ ಬಿಗಿಯುವವರು ಬೇರೆ. ಬೇಡ ಎಂದರೆ ಪ್ರೀತಿಗೇ ಬೇಡ ಅಂದ ಹಾಗಾಗುತ್ತದೆ. ಬೆಂಕಿಯ ಮುಂದೆ ಕೂತು ಅಂಟು ಹುರಿದು ಅವ್ವನ ಮುಖ ಕೆಂಪಗಾಗಿರುತ್ತಿತ್ತು. ಆ ಉಂಡೆಯನ್ನು ಹೇಗೆ ಒಲ್ಲೆ ಅನ್ನುವುದು? ತಿಂದೆ. ಬಿಸಿನೀರು ಮುಕ್ಕಳಿಸಿ ಉಗುಳಿದೆ. ಎಲೆ ಹಾಕಿಕೊಂಡೆ. ತಿಂಗಳುಗಟ್ಟಲೆ ಹಾಗೆಯೇ ನಡೆಯಿತು, ರಕ್ತ ಬರುವುದು ಕಾಣದಾಯಿತು. ಬ್ರಶ್ಶೇ ತಾಗದಿದ್ದರೆ ರಕ್ತ ಎಲ್ಲಿಂದ ಕಂಡೀತು, ಎಲೆಯ ಕೆಂಪಿನಲ್ಲಿ ಕಂಡರೂ ಯಾವುದು ಯಾವುದೆಂದು ಹೇಗೆ ತಿಳಿದೀತು? ವಾಸಿಯಾಯಿತು ಅಂದುಕೊಂಡೆ.

ಮಗಳನ್ನು ಎತ್ತಿಕೊಂಡು ಯಲವಿಗಿಗೆ ಬಂದು ಮತ್ತೆ ಯಂತ್ರದ ಮುಂದೆ ಕೂತ ದಿನ ಗೊತ್ತಾಯಿತು. ದಾರ ಬಾಯಿಗೆ ಹೋಯಿತು, ಕಡಿಯಲು ಹೋದೆ, ಹಲ್ಲು ಅಲುಗಾಡಿತು. ದಾರ ತುಂಡಾಗಲಿಲ್ಲ. ನಾನು ಕೈಯಲ್ಲಿ ದಾರ ಹಿಡಿದುಕೊಂಡು ಹಾಗೇ ಕೂತೆ. ಕನ್ನಡಿಯಲ್ಲಿ ನೋಡಿದರೆ ಕೆಳಸಾಲಿನ ನಡುವಿನ ಎರಡು ಹಲ್ಲುಗಳ ಮಧ್ಯೆ ಸಂದು ಬಿದ್ದಿದೆ. ಹಲ್ಲಿನ ಹಿಂದೆ ನಾಲಿಗೆಗೆ ಗಟ್ಟಿ ಗೋಡೆಯಂಥದ್ದೇನೋ ತಾಗುತ್ತದೆ. ಬೆರಳಿನಿಂದ ಒತ್ತಿದರೆ ವಸಡಿನಿಂದ ಕೀವು ಬಂತು.

ಆಮೇಲೆ ಔಷಧಿ ಹೇಳುವವರಿಗೇನೂ ಬರಗಾಲವಿರಲಿಲ್ಲ. ಪಟಿಕದ ನೀರು ಮುಕ್ಕಳಿಸು ಎಂದರು, ಮುಕ್ಕಳಿಸಿದೆ. ಲವಂಗ ಕಚ್ಚಿಕೋ ಎಂದರು, ಕಚ್ಚಿಕೊಂಡೆ. ಅತ್ತೆ ತಮ್ಮ ಡಬ್ಬಿ ತೆರೆದು ಮಿಸರಿ ಕೊಟ್ಟರು. ತಂಬಾಕನ್ನು ಸುಟ್ಟು ಪುಡಿ ಮಾಡಿದ್ದು, ಅವರ ವಯಸ್ಸಿನ ಹೆಂಗಸರು ಹಲ್ಲಿಗೆ ತಿಕ್ಕುತ್ತಾರೆ. “ಹಚ್ಚು. ವಸಡು ಕಲ್ಲಾಗತಾವ,” ಅಂದರು. ಹಚ್ಚಿದೆ, ತಲೆ ಗಿರ್ರೆಂದು ತಿರುಗಿ ಬಚ್ಚಲಿನಲ್ಲಿ ವಾಂತಿ ಮಾಡಿಕೊಂಡು ಅಲ್ಲೇ ಕೂತುಬಿಟ್ಟೆ. ಅತ್ತೆ ಗಾಬರಿಯಾಗಿ ಬೆನ್ನು ತಿಕ್ಕಿದರು. ಕೆಟ್ಟವರು ಯಾರೂ ಇರಲಿಲ್ಲ ನನ್ನ ಸುತ್ತ, ಅದನ್ನು ಹೇಳಲೇಬೇಕು. ಕೆಟ್ಟವರಿದ್ದರೆ ಜಗಳವಾಡಬಹುದಿತ್ತು.

ಹಲ್ಲಿಗಿಂತ ನನ್ನನ್ನು ಮುರಿದದ್ದು ವಾಸನೆ. ನನ್ನ ಬಾಯಿ ನನಗೇ ಗೊತ್ತಾಗುತ್ತಿತ್ತು. ಮಗಳನ್ನು ಮುದ್ದಾಡುವಾಗ ಉಸಿರು ಹಿಡಿದುಕೊಳ್ಳುತ್ತಿದ್ದೆ. ಅಳತೆ ತೆಗೆದುಕೊಳ್ಳುವಾಗ ಹೆಂಗಸರ ಬೆನ್ನ ಹಿಂದೆಯೇ ನಿಂತು, ಎದುರು ಬರಬೇಕಾದಾಗ ಗುಂಡುಸೂಜಿ ತುಟಿಯಲ್ಲಿ ಕಚ್ಚಿಕೊಂಡು ಮಾತು ತಪ್ಪಿಸುತ್ತಿದ್ದೆ. ಒಂದು ದಿನ ಮನೆಯವರು ಸಂತೆಯಿಂದ ಬಂದವರು ಕಾಗದದ ಪೊಟ್ಟಣವೊಂದನ್ನು ಹೊಲಿಗೆ ಯಂತ್ರದ ಮೇಲೆ ಇಟ್ಟರು. ನನ್ನ ಮುಖ ನೋಡದೆ ಒಳಗೆ ಹೋದರು. ಬಿಚ್ಚಿದರೆ ಯಾಲಕ್ಕಿ. ನಮ್ಮ ಮನೆಯಲ್ಲಿ ಯಾಲಕ್ಕಿ ಹಬ್ಬಕ್ಕಷ್ಟೇ ತರುವುದು, ಹಬ್ಬ ಹತ್ತಿರದಲ್ಲಿರಲಿಲ್ಲ. ಎಂದೂ ನನ್ನನ್ನು ನೋಯಿಸಿ ಮಾತಾಡದ ಮನುಷ್ಯ. ಅಂದೂ ಮಾತಾಡಲಿಲ್ಲ. ನಾನು ಅಷ್ಟು ಅತ್ತದ್ದು ಹೆರಿಗೆಯ ನೋವಿನಲ್ಲೂ ಇಲ್ಲ.

ಮರುದಿನ ನಾನೇ ಹೇಳಿದೆ, ಸವಣೂರಿಗೆ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದು. “ನಡಿ,” ಅಂದರು, ಎಷ್ಟೋ ದಿನದಿಂದ ಅದನ್ನೇ ಕಾಯುತ್ತಿದ್ದವರ ಹಾಗೆ.

ಆ ದವಾಖಾನೆಯ ಹೊರಗಿನ ಬೆಂಚನ್ನು ನಾನು ಮರೆಯುವುದಿಲ್ಲ. ಗೋಡೆಯ ಮೇಲೆ ಕೈಕಾಲು ಮೂಡಿದ ದೊಡ್ಡ ಹಲ್ಲೊಂದು ಬ್ರಶ್ಶು ಹಿಡಿದು ನಗುತ್ತಿತ್ತು. ಅದರ ಕೆಳಗೆ ಕೂತ ನಾವ್ಯಾರೂ ನಗುತ್ತಿರಲಿಲ್ಲ. ಒಬ್ಬರು ಬಲಗೆನ್ನೆ ಹಿಡಿದಿದ್ದರು, ಒಬ್ಬರು ಎಡಗೆನ್ನೆ. ನನ್ನ ಪಕ್ಕ ತಲೆಗೆ ಪಟಕಾ ಸುತ್ತಿದ ಅಜ್ಜ ಒಬ್ಬರು ಕೂತಿದ್ದರು. ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಳ್ಳಲು ಬಂದವರು. ಅವರಿಗೆ ಮಾತು ಬೇಕಾಗಿತ್ತು.

“ಎಷ್ಟು ತಗಸಾಕ ಬಂದೀಯವ್ವಾ?”

“ತಗಸಾಕ ಅಲ್ರಿ ಯಜ್ಜಾ. ಉಳಸ್ಕೊಳ್ಳಾಕ.”

ಅಜ್ಜ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಉಳಸ್ಕೊಳ್ಳಾಕ ಯಾರರ ಇಲ್ಲಿ ಬರ್ತಾರನ? ಹೋದ ಮ್ಯಾಲ ಬರಬೇಕು ಇಲ್ಲಿಗೆ, ನನ್ನಂಗ,” ಎಂದು ಬಾಯಿ ಪೂರ್ತಿ ತೆರೆದು ತೋರಿಸಿದರು. ಅಲ್ಲಿದ್ದವರೆಲ್ಲ ಕೆನ್ನೆ ಹಿಡಿದುಕೊಂಡೇ ನಕ್ಕರು. ನಾನೂ ನಕ್ಕೆ, ಸೆರಗು ಅಡ್ಡ ಹಿಡಿದು.

ಡಾಕ್ಟರು ನನ್ನ ವಯಸ್ಸಿನ ಹೆಣ್ಣುಮಗಳು. ಸಣ್ಣ ಕನ್ನಡಿ ಬಾಯಲ್ಲಿಟ್ಟು, ಮೊನಚಾದ ಕಡ್ಡಿಯಿಂದ ಒಂದೊಂದೇ ಹಲ್ಲಿನ ಬುಡ ಮುಟ್ಟುತ್ತಾ ಹೋದರು. ಮುಖ ತಿರುಗಿಸಲಿಲ್ಲ, ಮೂಗು ಸಿಂಡರಿಸಲಿಲ್ಲ. ಅದನ್ನೇ ನೋಡುತ್ತಿದ್ದೆ ನಾನು. ಆಮೇಲೆ ಎಕ್ಸ್‌ರೇ ಫೋಟೋ ತೆಗೆಸಿ, ಬೆಳಕಿಗೆ ಹಿಡಿದು ತೋರಿಸಿದರು.

“ಹಲ್ಲು ಒಂದೂ ಹುಳುಕಾಗಿಲ್ಲ ನೋಡ್ರಿ. ಛಲೋ ಅದಾವ. ಅವನ್ನ ಹಿಡಕೊಂಡಿರೋ ಎಲುಬು ಸವದೈತಿ.”

ಹೊಲದ ಬದುವಿನಲ್ಲಿ ಮಣ್ಣು ಕೊಚ್ಚಿಹೋಗಿ ಬೇರು ಹೊರಗೆ ಬಿದ್ದ ಗಿಡ ನೋಡಿದ್ದೇನೆ. ಹಾಗೆ ಕಂಡವು ಆ ಫೋಟೋದಲ್ಲಿ ನನ್ನ ನಾಲ್ಕು ಹಲ್ಲು.

“ಮತ್ತ ಬೆಳಿತೈತೇನ್ರಿ ಅದು?”

“ಇಲ್ಲರಿ. ಹೋದ ಎಲುಬು ಬರಂಗಿಲ್ಲ. ಇದ್ದದ್ದನ್ನ ಉಳಸ್ಕೋಬೇಕು. ಹಲ್ಲಿನ ಹಿಂದ ಕಟ್ಟಿದ ಕಿಟ್ಟ ಎಲ್ಲಾ ತಗೀಬೇಕು, ವಸಡಿನ ಒಳಗಿಂದೂ. ನಾಕೈದು ಸಲ ಬರಬೇಕಾಗತೈತಿ.” ಆಮೇಲೆ ಕೇಳಿದರು, “ನಡುವ ಯಾವಾಗರ ಬಾಳ ದಿನ ಬ್ರಶ್ ಬಿಟ್ಟಿದ್ರೇನ್ರಿ?”

ನಾನು ಬಾಣಂತನದ ಕಥೆ ಹೇಳಿದೆ. ಅಂಟಿನುಂಡಿ, ಎಲೆ, ಬಿಸಿನೀರು. ಡಾಕ್ಟರು ಸುಮ್ಮನೆ ಕೇಳಿಸಿಕೊಂಡರು. ಬಸುರಿನಲ್ಲೇ ಶುರುವಾದದ್ದು, ಆಗಲೇ ಸ್ವಚ್ಛ ಮಾಡಿಸಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು, ಬಾಣಂತನದಲ್ಲಿ ಅದಕ್ಕೆ ದಾರಿ ಸಿಕ್ಕಿತು ಎಂದರು. ಕೊನೆಗೆ ಮೆತ್ತಗೆ ಹೇಳಿದರು, “ಹಿರ್‍ಯಾರಿಗೆ ಬೈಬ್ಯಾಡ್ರಿ. ಇಲ್ಲಿ ಬರೋ ಅರ್ಧ ಹೆಣ್ಮಕ್ಕಳದ್ದು ಇದ ಕಥಿ.”

ಬೈಯುವುದು ಎಲ್ಲಿಂದ ಬಂತು? ಸಂಜೆ ಅವ್ವನಿಗೆ ಫೋನು ಮಾಡಿ ಹಲ್ಲು ಕ್ಲೀನ್ ಮಾಡಿಸುತ್ತೇನೆ ಅಂದದ್ದಕ್ಕೇ ಅವಳು ಕೂಗಾಡಿದಳು. “ಬ್ಯಾಡಾ ಅಂದ್ರ ಬ್ಯಾಡ. ನಮ್ಮ ಓಣಿ ನೀಲವ್ವ ಹಾನಗಲ್ಲಿಗೆ ಹೋಗಿ ಕ್ಲೀನ್ ಮಾಡಿಸ್ಕೊಂಡ್ ಬಂದ್ಲು, ವರ್ಷ ತುಂಬೋದ್ರಾಗ ಎಲ್ಲಾ ಉದುರಿದವು. ಆ ಕಿಟ್ಟ ಐತಲ್ಲ, ಅದ ಹಲ್ಲು ಹಿಡಕೊಂಡಿರತೈತಿ. ಅದನ್ನ ತಗದ್ರ ಇನ್ನೇನ ಉಳಿತೈತಿ?”

ಪಡಸಾಲೆಯಲ್ಲಿ ಅತ್ತೆಯೂ ಅದನ್ನೇ ಹೇಳಿದರು. ನನಗೂ ಹೌದೇನೋ ಅನ್ನಿಸಿತು. ಅಲುಗಾಡುವ ಹಲ್ಲಿನ ಹಿಂದೆ ಗಟ್ಟಿಯಾಗಿರುವುದು ಅದೊಂದೇ ಆಗಿತ್ತಲ್ಲ. ಕಿಟ್ಟ ಇಟ್ಟುಕೊಂಡರೆ ಎಲುಬು ಹೋಗುತ್ತದೆ, ತೆಗೆಸಿದರೆ ಹಲ್ಲು ಹೋಗುತ್ತದೆ. ಹಿಂದೆ ಹೋದರೆ ಒದೆಯುವ, ಮುಂದೆ ಬಂದರೆ ಹಾಯುವ ಎಮ್ಮೆಯ ಪಕ್ಕ ನಿಂತ ಹಾಗಾಯಿತು ನನ್ನ ಪಾಡು.

ಆದರೂ ಹೋದೆ. ಮನೆಯವರು ಮಗಳನ್ನು ಎತ್ತಿಕೊಂಡು ಹೊರಗೆ ನಿಂತರು, ನನ್ನನ್ನು ಆ ಕುರ್ಚಿಯಲ್ಲಿ ಮಲಗಿಸಿದರು.

ಬಾಯಿ ತೆರೆದು ಮಲಗುವುದರಷ್ಟು ಅಸಹಾಯಕ ಸ್ಥಿತಿ ಇನ್ನೊಂದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಕಣ್ಣೆದುರು ದೀಪ, ಬಾಯೊಳಗೆ ನೀರು ಚಿಮ್ಮುವ ಯಂತ್ರ, ತಲೆಬುರುಡೆಯೊಳಗೆಲ್ಲ ಕುಯ್ಯೆನ್ನುವ ಸದ್ದು. ಮಾತಾಡುವಂತಿಲ್ಲ, ನುಂಗುವಂತಿಲ್ಲ. ಕಣ್ಣೀರು ಎರಡೂ ಕಡೆ ಇಳಿದು ಕಿವಿಯೊಳಗೆ ಹೋಗುತ್ತಿತ್ತು. ಶುರು ಮಾಡುವ ಮೊದಲು ಡಾಕ್ಟರು ಹೇಳಿದ್ದರು, “ತಡಕೊಳ್ಳಾಕ ಆಗಲಿಲ್ಲಂದ್ರ ಎಡಗೈ ಎತ್ತರಿ. ನಿಲ್ಲಸ್ತೇನಿ.” ಎಲ್ಲರೂ ಹೀಗೆ ಹೇಳುತ್ತಾರೆ ಅಂದುಕೊಂಡಿದ್ದೆ. ಕೆಳಸಾಲಿಗೆ ಬಂದಾಗ ತಡೆಯದೆ ಕೈ ಎತ್ತಿದೆ.

ಯಂತ್ರ ನಿಂತಿತು.

ಡಾಕ್ಟರು ಕೈ ಕಟ್ಟಿಕೊಂಡು ಕಾದರು. ನಾನು ಉಗುಳಿ, ಮುಖ ಒರೆಸಿಕೊಂಡು, ತಲೆ ಆಡಿಸುವ ತನಕ ಕಾದರು. ಬಸುರಾದ ದಿನದಿಂದ ನನ್ನ ಮೈಗೆ ಏನೇನೋ ಮಾಡಿದವರಲ್ಲಿ, ನಾನು ನಿಲ್ಲಿಸಿ ಅಂದಾಗ ನಿಲ್ಲಿಸಿದವರು ಅವರೊಬ್ಬರೇ. ಅದಕ್ಕೇ ಮತ್ತೆ ಅಳು ಬಂತು. ನೋವಾಯಿತೇನೋ ಎಂದು ಅವರು ಇನ್ನಷ್ಟು ಹೊತ್ತು ಕಾದರು.

ಟ್ರೇಯಲ್ಲಿ ಬಿದ್ದ ಕಿಟ್ಟವನ್ನು ನೋಡಿದೆ. ಕಂದು, ಕಪ್ಪು, ಸುಣ್ಣದ ಕಲ್ಲಿನ ಗಟ್ಟಿತನ. ಬಾಯಲ್ಲಿ ಇಷ್ಟೊಂದು ಕಲ್ಲು ಇಟ್ಟುಕೊಂಡು ತಿರುಗುತ್ತಿದ್ದೆನೇ ಎಂದು ಅಸಹ್ಯವಾಯಿತು.

ಅಂದು ಮನೆಗೆ ಬಂದು ನಾಲಿಗೆ ಆಡಿಸಿದರೆ, ಯಾರದೋ ಬಾಯಿ. ಹಲ್ಲುಗಳ ನಡುವೆ ಸಂದು, ಹಲ್ಲು ಉದ್ದವಾದ ಹಾಗೆ, ತಣ್ಣೀರು ಕುಡಿದರೆ ನೆತ್ತಿಗೆ ಜುಮ್ಮೆನ್ನುವುದು. ಎಲ್ಲಕ್ಕಿಂತ ಹೆಚ್ಚಾಗಿ, ಮೊದಲಿಗಿಂತ ಹೆಚ್ಚು ಅಲುಗಾಟ. ಹೀಗಾಗುತ್ತದೆ, ವಸಡು ಬಾವು ಇಳಿದು ಕೂತ ಮೇಲೆ ತುಸು ಬಿಗಿಯಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅತ್ತೆ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, “ನಾವು ಹೇಳಿದ್ದು ಸುಳ್ಳಾತನ?” ಅಂದರು. ಬೈಗುಳದ ದನಿಯಲ್ಲ, ಮರುಕದ ದನಿ.

ಆದರೂ ಉಳಿದ ಸಲಗಳನ್ನೂ ಮುಗಿಸಿದೆ. ವಸಡಿಗೆ ಸೂಜಿ ಚುಚ್ಚಿ ಮರಗಟ್ಟಿಸಿ ಒಳಗಿನ ಬೇರನ್ನೂ ಕೆರೆದರು. ಹೇಗೆ ಉಜ್ಜಬೇಕು ಎಂದು ಕಲಿಸಿದರು. ಒಂದು ಕೂಸಿನ ತಾಯಿಯಾದ ಮೇಲೆ ಹಲ್ಲುಜ್ಜಲು ಕಲಿತೆ ನಾನು. ಒಂದು ಮುಂಜಾನೆ ಉಗುಳಿದ ನೊರೆ ಬೆಳ್ಳಗಿತ್ತು. ಮನೆಯವರನ್ನು ಹಿತ್ತಲಿಗೆ ಕರೆದು ತೋರಿಸಿದೆ. ಉಗುಳು ನೋಡಲು ಗಂಡನನ್ನು ಕರೆದವಳು ಯಲವಿಗಿಯಲ್ಲಿ ನಾನೊಬ್ಬಳೇ ಇರಬೇಕು. ಅವರೂ ಗಂಭೀರವಾಗಿ ಬಗ್ಗಿ ನೋಡಿ, “ಬೆಳ್ಳಗೈತಿ,” ಅಂದರು.

ಮೂರು ಹಲ್ಲು ತುಸು ಬಿಗಿಯಾದವು. ನಾಲ್ಕನೆಯದು, ನಡುವಿನದು, ಆಗಲಿಲ್ಲ. ಅದನ್ನು ತಂತಿಯಿಂದ ಪಕ್ಕದ ಹಲ್ಲುಗಳಿಗೆ ಬಿಗಿಯೋಣ, ಬನ್ನಿ ಎಂದು ದಿನ ಕೊಟ್ಟಿದ್ದರು. ಆ ದಿನ ಬರುವ ಮೊದಲು, ಅತ್ತೆಯ ಎದುರಿಗೇ, ಮಗಳನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಆಡಿಸುತ್ತಿದ್ದೆ. ಆಗಷ್ಟೇ ನಿಲ್ಲಲು ಕಲಿತಿದ್ದ ಕೂಸು ಖುಷಿಗೆ ಜಿಗಿಯಿತು. ಅದರ ತಲೆ ನನ್ನ ಬಾಯಿಗೆ ಬಡಿಯಿತು. ಉಪ್ಪುಪ್ಪು ಅನ್ನಿಸಿತು. ಅಂಗೈಗೆ ಉಗುಳಿದರೆ ಹಲ್ಲು, ಬೇರಿನ ತುದಿಯ ತನಕ ಪೂರ್ತಿ, ಎಲ್ಲೂ ಮುಕ್ಕಾಗದ ಹಲ್ಲು.

ಅತ್ತೆ ಓಡಿಬಂದರು. ಮೊದಲು ಕೂಸಿನ ತಲೆ ನೋಡಿದರು, ಆಮೇಲೆ ನನ್ನ ಬಾಯಿಗೆ ಹತ್ತಿ ಒತ್ತಿದರು, ಆಮೇಲೆ ಅಂಗೈ ನೋಡಿದರು. ಅವರ ಮುಖ ಸಡಿಲಾಯಿತು. “ಒಯ್ತು ನೋಡ, ನಿನ್ನ ಮಗಳು,” ಅಂದರು. ಸಂಜೆಗೆ ಫೋನಿನಲ್ಲಿ ಅವ್ವನೂ ಅದನ್ನೇ ಅಂದಳು, ನಗುತ್ತಾ ಅಂದಳು. ಕೂಸು ತಾಯಿಯ ಹಲ್ಲು ಒಯ್ಯುತ್ತದೆ ಎಂದು ಇವರು ಇಷ್ಟು ವರ್ಷ ಹೇಳಿದ್ದಕ್ಕೆ ನಾನೇ ಎಲ್ಲರೆದುರು ಸಾಕ್ಷಿ ಕೊಟ್ಟಿದ್ದೆ. ಇನ್ನು ಎಲುಬು, ಕಿಟ್ಟ, ವಸಡು ಎಂದು ನಾನು ಏನು ಹೇಳಿದರೂ ಕೇಳುವವರು ಯಾರು? ಓಣಿಯ ಹೆಂಗಸರು ಬಂದು ಮಗಳ ಗಲ್ಲ ಹಿಂಡಿ, “ಕಳ್ಳಿ, ಅವ್ವನ ಹಲ್ಲ ಕದ್ದಿ,” ಎಂದು ಮುದ್ದಾಡಿ ಹೋದರು. ನನಗೆ ಕಿರುಚಬೇಕು ಅನ್ನಿಸುತ್ತಿತ್ತು. ಬಾಯಲ್ಲಿ ಹತ್ತಿ ಇತ್ತು.

ಈಗ ಉಳಿದ ಮೂರು ಹಲ್ಲಿನ ಹಿಂದೆ ಸಣ್ಣ ತಂತಿ ಇದೆ, ನಡುವೆ ಕಟ್ಟಿಸಿದ ಹಲ್ಲೊಂದಿದೆ. ಮೂರು ತಿಂಗಳಿಗೊಮ್ಮೆ ಸವಣೂರಿಗೆ ಹೋಗಿ ಸ್ವಚ್ಛ ಮಾಡಿಸಿಕೊಂಡು ಬರುತ್ತೇನೆ. ಇದು ಜೀವ ಇರುವ ತನಕ. ಹಲ್ಲು ಗೆದ್ದೆ ಎಂದು ಹೇಳಲಾರೆ, ಒಂದೊಂದು ಸಲವೂ ಇನ್ನು ಮೂರು ತಿಂಗಳು ಎಂದು ಹೇಳಿ ಕಳಿಸುತ್ತಾರೆ, ಅಷ್ಟೇ. ದಾರವನ್ನು ಕತ್ತರಿಯಿಂದ ಕಡಿಯುತ್ತೇನೆ. ಈಗಲೂ ಕೆಲವು ಸಲ ದಾರ ತುಟಿಯ ತನಕ ಹೋಗಿ ವಾಪಸು ಬರುತ್ತದೆ. ರೊಟ್ಟಿ ಸಾರಿನಲ್ಲಿ ನೆನೆಸಿ ಉಣ್ಣುತ್ತೇನೆ. ಕರುಂ ಕರುಂ ಸದ್ದು ಈಗ ಮಗಳದ್ದು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ತಂಗಿ ರತ್ನಾಳನ್ನು ಶಿಗ್ಗಾಂವಿಯ ಕಡೆ ತಡಸಕ್ಕೆ ಕೊಟ್ಟಿದ್ದೇವೆ. ಅವಳು ಬಸುರಾದಳು. ಸೀಮಂತಕ್ಕೆ, ನಮ್ಮ ಕಡೆಯ ಕುಬಸಕ್ಕೆ, ಜಂಪರನ್ನು ನಾನೇ ಹೊಲಿದು, ಹಸಿರು ಅಂಚು ಕಟ್ಟಿ ಒಯ್ದೆ. ಉಡಿ ತುಂಬಿದ ಮೇಲೆ ಅವಳು ನನ್ನ ಕಿವಿಯಲ್ಲಿ, “ಅಕ್ಕಾ, ಹಲ್ಲು ತಿಕ್ಕಿದ್ರ ರಕ್ತ ಬರಾಕತ್ತೈತಿ,” ಅಂದಳು. ಡಾಕ್ಟರಿಗೆ ತೋರಿಸು ಎಂದೆ. ಅವಳ ಅತ್ತೆ, ಬಸುರಿನಲ್ಲಿ ಹಲ್ಲಿಗೆ ಕೈ ಹಚ್ಚಿಸಬಾರದು ಎಂದರು. ಅಲ್ಲಿ ನನ್ನ ಮಾತು ಏನು ನಡೆದೀತು?

ಹೆರಿಗೆಯಾಗಿ ಅವಳು ಹಂಸಭಾವಿಗೆ ಬಂದ ಸುದ್ದಿ ಕೇಳಿ ಓಡಿದೆ. ಅದೇ ಕೋಣೆ, ಅದೇ ಹೊರಸು, ಅದೇ ಶಗಡಿ. ರತ್ನಾ ತುಟಿ ಎಳೆದು ತೋರಿಸಿದಳು. ವಸಡು ಉಬ್ಬಿ, ಹಲ್ಲಿನ ಸಂದಿಯಲ್ಲೆಲ್ಲ ಬೆಲ್ಲ ಮೆತ್ತಿಕೊಂಡಿತ್ತು. “ಬ್ರಶ್ ಕಸಗೊಂಡಾಳ ಅವ್ವ,” ಅಂದಳು. ನಮ್ಮಿಬ್ಬರಿಗೂ ನಗು ಬಂತು, ಆಮೇಲೆ ನಿಂತಿತು. ಅವಳ ಹಲ್ಲು ಇನ್ನೂ ಅಲುಗಾಡುತ್ತಿರಲಿಲ್ಲ. ನಾನು ಬೆರಳಿನಿಂದ ಒಂದೊಂದನ್ನೂ ಮುಟ್ಟಿ ನೋಡಿದೆ. ಇನ್ನೂ ಹೊತ್ತು ಮೀರಿರಲಿಲ್ಲ.

ಅಡುಗೆಮನೆಯಲ್ಲಿ ಅವ್ವ ಒಲೆಯ ಮುಂದೆ ಕೂತು ತುಪ್ಪದಲ್ಲಿ ಅಂಟು ಹುರಿಯುತ್ತಿದ್ದಳು. ಹರಳು ಹರಳು ಅಂಟು ತುಪ್ಪಕ್ಕೆ ಬಿದ್ದು ಅರಳುವುದನ್ನು ನೋಡುವುದೆಂದರೆ ಚಿಕ್ಕಂದಿನಿಂದ ನನಗೆ ಇಷ್ಟ. ಪಕ್ಕದಲ್ಲಿ ಕೂತೆ. ಹೇಗೆ ಹೇಳಬೇಕು ಎಂದು ಬಸ್ಸಿನುದ್ದಕ್ಕೂ ಯೋಚಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು.

“ಅವ್ವಾ, ರತ್ನಾಗ ಹಲ್ಲು ತಿಕ್ಕಾಕ ಬಿಡು.”

“ಸುರು ಮಾಡಿದಿ? ನಿನ್ನ ಡಾಕ್ಟರ್ ಹೇಳಿ ಕಳಿಸ್ಯಾಳನ?” ಅವ್ವ ಸೌಟು ಆಡಿಸುತ್ತಲೇ ಅಂದಳು. “ನಿನ್ನ ಬಾಣಂತನ ಬರೊಬ್ಬರಿ ಮಾಡಿಲ್ಲೇನ ನಾನು?”

“ಮಾಡೀಯವ್ವ. ಬರೊಬ್ಬರಿ ಮಾಡೀ.”

“ಮತ್ತ?”

ಇಲ್ಲಿಗೇ ಎದ್ದು ಹೋಗಬಹುದಿತ್ತು. ಒಳಗೆ ರತ್ನಾಳ ಕೂಸು ಅಳುತ್ತಿತ್ತು. ನಾನು ಕಟ್ಟಿಸಿದ ಹಲ್ಲಿನ ಮೇಲೆ ನಾಲಿಗೆ ಇಟ್ಟುಕೊಂಡೆ. “ನನ್ನ ಹಲ್ಲು ಕೂಸು ಒಯ್ದಿಲ್ಲವ್ವ,” ಅಂದೆ.

“ಕೂಸು ಒಯ್ದಿಲ್ಲಂದ್ರ ಮತ್ತ ಯಾರು ಒಯ್ದ್ರು?”

ಜಗಳದ ಭರದಲ್ಲಿ ಕೇಳಿದ ಮಾತು ಅದು. ಉತ್ತರಕ್ಕಾಗಿ ಕೇಳಿದ್ದಲ್ಲ. ಆದರೆ ನಾನು ಅವಳ ಕೈಯಲ್ಲಿದ್ದ ಸೌಟಿನ ಕಡೆ ನೋಡುತ್ತಾ ಕೂತೆ. ನಾನು ಯಾಕೆ ಸುಮ್ಮನಿದ್ದೇನೆ ಎಂದು ಅವ್ವ ನನ್ನ ಮುಖ ನೋಡಿದಳು, ಆಮೇಲೆ ನನ್ನ ಕಣ್ಣು ಹೋದ ಕಡೆ ನೋಡಿದಳು. ಸೌಟು ನಿಂತಿತು. ಅಂಟು ಕಂದಾಯಿತು, ಕಪ್ಪಾಯಿತು, ಅಡುಗೆಮನೆ ತುಂಬ ಸೀದ ವಾಸನೆ. ಜನ್ಮದಲ್ಲಿ ಅಂಟು ಸೀಯಿಸಿದವಳಲ್ಲ ನಮ್ಮವ್ವ. ಕೊನೆಗೆ ನಾನೇ ಬೋಗುಣಿ ಇಳಿಸಿದೆ.

ಅಂದು ದಿನವೆಲ್ಲ ಅವಳು ನನ್ನೊಡನೆ ಮಾತಾಡಲಿಲ್ಲ. ತಂಗಿಯ ಹಲ್ಲು ಉಳಿಸಲು ಹೋಗಿ ಅವ್ವನನ್ನು ಏನು ಮಾಡಿಬಿಟ್ಟೆ ಎಂದು ಒದ್ದಾಡಿದೆ.

ಮರುದಿನ ಮುಂಜಾನೆ ನೋಡಿದರೆ ಅವ್ವ ಬಾಣಂತಿಯ ಕೋಣೆಗೆ ತಂಬಿಗೆಯಲ್ಲಿ ಬಿಸಿನೀರು ತಂದಿದ್ದಳು. ಅದರೊಳಗೆ ರತ್ನಾಳ ಬ್ರಶ್ಶು ನಿಂತಿತ್ತು. “ಬಿಸಿನೀರಾಗ ತೊಯಿಸಿ ಮೆತ್ತಗ ಮಾಡೀನಿ. ಥಂಡಿ ಹತ್ತಂಗಿಲ್ಲ. ಸಾವಕಾಶ ತಿಕ್ಕು,” ಅಂದಳು. ರತ್ನಾ ನನ್ನ ಮುಖ ನೋಡಿದಳು. ಅವ್ವ ಮಗಳ ಗಲ್ಲದ ಕೆಳಗೆ ತಾಟು ಹಿಡಿದು, ಅವಳು ಉಗುಳಿದ್ದನ್ನು ಬಗ್ಗಿ ನೋಡಿದಳು. ನೊರೆ ಗುಲಾಬಿಯಾಗಿತ್ತು. ಅವ್ವ ಬಹಳ ಹೊತ್ತು ಅದನ್ನೇ ನೋಡಿದಳು.

“ನನಗೂ ಹಿಂಗ ಬರ್ತಿತ್ತು,” ಅಂದಳು.

ನಾನೂ ಅವ್ವನೂ ಅಡುಗೆಮನೆಗೆ ಬಂದೆವು. ಡಬ್ಬಿಯಿಂದ ಹಿಂದಿನ ಉಂಡಿಗಳನ್ನು ತೆಗೆಯುತ್ತಾ, ನನ್ನ ಕಡೆ ಬೆನ್ನು ಮಾಡಿಕೊಂಡೇ ಅವ್ವ ಕೇಳಿದಳು, “ಪಾರವ್ವಾ, ಹಂಗಾದ್ರ ನನ್ನ ಹಲ್ಲೂ ಉಳೀತಿದ್ವನ?”

ನನಗೆ ಉತ್ತರ ಗೊತ್ತಿತ್ತು. ಫೋಟೋ ತೋರಿಸಿದ ದಿನವೇ ಗೊತ್ತಾಗಿತ್ತು.

“ಗೊತ್ತಿಲ್ಲವ್ವ,” ಅಂದೆ.

ಅವ್ವ ಹೂಂ ಅಂದಳು. ಒಂದು ಉಂಡಿಯನ್ನು ರತ್ನಾಳ ತಾಟಿಗೆ ಹಾಕಿದಳು, ನನಗೊಂದು ಕೊಟ್ಟಳು. ತನ್ನದನ್ನು ಬಟ್ಟಲಲ್ಲಿಟ್ಟು, ಮೇಲೆ ಹಾಲು ಸುರಿದು, ಮೆತ್ತಗಾಗಲಿ ಎಂದು ಕಾಯುತ್ತಾ ಕೂತಳು.